ಬಳೆಗಾರನ ಅಂಗೈಯಲ್ಲಿ ಗಿಳಿ ಇಟ್ಟದ್ದು

ಬಸಲಿಂಗನೆಂಬ ಶಿಷ್ಯ ಕೇಳಿದ: “ಗುರುಗಳೇ, ಅಪ್ಪ ತೀರಿದ ಮೇಲೆ ನಮ್ಮಣ್ಣ ನನ್ನೊಡನೆ ಒಂದು ಒಳ್ಳೆಯ ಮಾತು ಆಡಿಲ್ಲ. ಒಂದೇ ಮನೆಯಲ್ಲಿದ್ದೇವೆ. ನಾಳೆ ಬೇರೆ ಹೋಗೋಣ ಅಂತಿದ್ದೇನೆ. ಬಾಯಿ ಬಿಟ್ಟು ಹೇಳದವರ ಮನಸ್ಸಿನಲ್ಲಿ ನಾವಿದ್ದೇವೋ ಇಲ್ಲವೋ, ತಿಳಿಯುವುದು ಹೇಗೆ?”

ಗುರುಗಳು ಒಂದು ಕಥೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಊರೂರು ತಿರುಗುತ್ತಿದ್ದ. ಸಂಜೆಗೆ ಮನೆ ಸೇರುತ್ತಿದ್ದ. ಅವನ ಹೆಜ್ಜೆಯ ಸದ್ದಿಗೆ ಹೆಂಡತಿ ಒಳಗಿನಿಂದ “ಬಂದ್ರಾ?” ಅನ್ನುತ್ತಿದ್ದಳು. ಅಷ್ಟೇ ಮಾತು. ಇಪ್ಪತ್ತಾರು ವರ್ಷ ಅದೇ ಮಾತು. ಅದಕ್ಕೆ ಅವನು ಹೂಂ ಅಂದದ್ದೂ ಕಡಿಮೆ. ಒಮ್ಮೆ ಅವಳಿಗೆ ಜ್ವರ ಬಂತು. ಒಂಬತ್ತನೆಯ ದಿನ ತೀರಿಕೊಂಡಳು.

ಆಮೇಲೂ ಅವನು ಮಲಾರ ಹೊತ್ತ. ಸಂಜೆ ಮನೆಗೆ ಬಂದ. ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದ. ಯಾರೂ ಏನೂ ಅನ್ನುತ್ತಿರಲಿಲ್ಲ. ಒಳಗೆ ಹೋಗುತ್ತಿದ್ದ.

ಒಂದು ದಿನ ದಾರಿಯಲ್ಲಿ ಗಾಳಿಗೆ ಮರ ಉರುಳಿತ್ತು. ಅದರ ಪೊಟರೆಯಲ್ಲಿ ಒಂದು ಗಿಳಿಮರಿ ಉಳಿದಿತ್ತು. ಅರ್ಧ ಪುಕ್ಕ, ಅರ್ಧ ಬರೀ ಮೈ. ಬಳೆ ಸುತ್ತುವ ಬಟ್ಟೆಯಲ್ಲಿ ಅದನ್ನು ಸುತ್ತಿಕೊಂಡು ಬಂದ. ಅವನಿಗೆ ಒಂದು ಆಸೆ ಹುಟ್ಟಿತು. ಗಿಳಿಗೆ ಮಾತು ಬರುತ್ತದೆ. ಇದಕ್ಕೆ ಒಂದೇ ಮಾತು ಕಲಿಸಬೇಕು. ಅವಳ ಮಾತು.

ಬಳೆಗಾರನಿಗೆ ಕೈ ಹಿಡಿಯುವುದು ಗೊತ್ತು. ಬಿಗಿ ಕೈಯನ್ನು ಗಟ್ಟಿಯಾಗಿ ಹಿಡಿದು, ಗೆಣ್ಣು ಒತ್ತಿ ಒತ್ತಿ ಮೆದು ಮಾಡುವುದೇ ಅವನ ಕಸುಬು. ಹೆದರಿ ಎಳೆದುಕೊಂಡರೆ ಬಳೆ ಒಡೆಯುತ್ತದೆ. ಅದಕ್ಕೇ ಬಿಡಬಾರದು. ಗಿಳಿಮರಿಯನ್ನೂ ಹಾಗೆಯೇ ಪಳಗಿಸಲು ಹೋದ. ಮೇಲಿನಿಂದ ಕೈ ಹಾಕಿ ಹಿಡಿದ. ಅದು ಚೀರಿತು. ಬೆರಳು ಕಚ್ಚಿತು. ಅವನು ಬಿಡಲಿಲ್ಲ. ಅದೂ ಬಿಡಲಿಲ್ಲ.

ಪಕ್ಕದ ಮನೆಯ ಅಜ್ಜಿ ಅವನ ಬೆರಳಿಗೆ ಸುತ್ತಿದ್ದ ಚಿಂದಿ ಬಟ್ಟೆ ನೋಡಿದಳು.

“ಏನೋ ಬಳೆಗಾರ, ಯಾವಳೋ ಕಚ್ಚಿದ್ದು?”

“ಗಿಳಿ, ಅಜ್ಜಿ. ಎಷ್ಟು ಮುದ್ದು ಮಾಡಿದರೂ ಕಚ್ಚುತ್ತೆ.”

“ಮೇಲಿನಿಂದ ಎರಗೋದು ಹದ್ದು ಕಣೋ. ನಿನ್ನದು ಮುದ್ದು ಅಂತ ಅದಕ್ಕೇನು ಗೊತ್ತು? ಕೈ ಕೆಳಗಿಟ್ಟುಕೊಂಡು ಕೂರು. ಬಂದರೆ ಬರಲಿ. ಅದೇನು ನಿನ್ನ ಹತ್ತಿರ ಬಳೆ ತೊಡಿಸಿಕೊಳ್ಳೋಕೆ ಬಂದಿದೆಯಾ?”

ಅವನು ಅಂಗೈ ಕೆಳಗಿಟ್ಟು ಕುಳಿತ. ಹನ್ನೆರಡು ದಿನ ಕುಳಿತ. ಹದಿಮೂರನೆಯ ದಿನ ಗಿಳಿ ಬಂತು. ಕೊಕ್ಕಿನಿಂದ ಅವನ ಉಗುರು ಹಿಡಿಯಿತು. ಅವನು ಕಣ್ಣು ಮುಚ್ಚಿದ, ಕೈ ಎಳೆದುಕೊಳ್ಳಲಿಲ್ಲ. ಅದು ಕಚ್ಚಲಿಲ್ಲ. ಬೆರಳು ಗಟ್ಟಿ ಇದೆಯೋ ಇಲ್ಲವೋ ನೋಡಿ, ಹತ್ತಿ ಕುಳಿತಿತು. ಹಕ್ಕಿಗೆ ಕೊಕ್ಕೇ ಕೈ ಎಂದು ಅವನಿಗೆ ಅಂದು ತಿಳಿಯಿತು.

ಪುಕ್ಕ ಬೆಳೆದವು. ನೆನೆಸಿದ ಕಡಲೆ ಕೊಟ್ಟ. ಸೀಬೆಹಣ್ಣು ಕೊಟ್ಟ. ಮಾತು ಬರಲೆಂದು ಹಸಿಮೆಣಸಿನಕಾಯಿ ಕೊಟ್ಟ. ದಿನಾ ಪಂಜರದ ಮುಂದೆ ಕುಳಿತು “ಬಂದ್ರಾ? ಬಂದ್ರಾ?” ಎಂದು ತಾನೇ ಹೇಳಿದ. ತಾನು ಉಣ್ಣುತ್ತಿದ್ದುದು ಹೋದ ಊರಿನಲ್ಲಿ, ಯಾರದೋ ಜಗಲಿಯ ಮೇಲೆ. ಒಬ್ಬನಿಗೆ ಏತರ ಅಡುಗೆ ಎಂದು ಮನೆಯ ಒಲೆ ಹಚ್ಚುತ್ತಿರಲಿಲ್ಲ.

ವರ್ಷವಾಯಿತು. ಗಿಳಿ ಬಾಗಿಲು ಕಿರ್ರೆನ್ನುವುದನ್ನು ಕಲಿಯಿತು. ಬಳೆಯ ಸದ್ದು ಕಲಿಯಿತು. ಅಜ್ಜಿಯ ಕೆಮ್ಮು ಎಷ್ಟು ಚೆನ್ನಾಗಿ ಕಲಿಯಿತೆಂದರೆ, ಅಜ್ಜಿಯೇ ಒಮ್ಮೆ ಬಂದು “ಯಾರಿಗೋ ಹುಷಾರಿಲ್ಲದ್ದು?” ಎಂದು ಕೇಳಿದಳು. ಆ ಒಂದು ಮಾತು ಮಾತ್ರ ಬರಲಿಲ್ಲ.

ಒಂದು ಸಂಜೆ ಗಿಳಿ ಅವನ ಅಂಗೈ ಮೇಲೆ ಕುಳಿತಿತ್ತು. ಅದರ ಕಣ್ಣಿನ ಕಪ್ಪು ಚಿಕ್ಕದಾಯಿತು, ದೊಡ್ಡದಾಯಿತು. ಕತ್ತು ಮೇಲೆ ಕೆಳಗೆ ಆಡಿತು. ಆಗಲೇ ತಿಂದಿದ್ದ ಕಡಲೆಯನ್ನು ಹೊರಗೆ ತಂದು ಅಂಗೈಯಲ್ಲಿ ಹಾಕಿತು. ಅಜೀರ್ಣವೆಂದು ಅವನು ಹೆದರಿದ. ಕೈ ತೊಳೆದುಕೊಂಡ. ಓಮದ ನೀರು ಕುಡಿಸಿದ. ಮಾರನೆಯ ಸಂಜೆ ಗಿಳಿ ಮತ್ತೆ ಹಾಗೇ ಮಾಡಿತು. ಈ ಸಲ ಅವನಿಗೆ ನೋವಾಯಿತು. “ಸಾಕಿದ ಕೈ ಮೇಲೇ ಕಕ್ಕುತ್ತೀಯಾ?” ಅಂದ. ಮತ್ತೆ ಕೈ ತೊಳೆದುಕೊಂಡ. ಇದಕ್ಕೆ ತಾನು ಬೇಡ ಎಂದು ತೀರ್ಮಾನಿಸಿದ.

ಸಂತೆಯ ದಿನ ಪಂಜರ ಎತ್ತಿಕೊಂಡು ಹೋದ. ಅಲ್ಲಿ ಒಬ್ಬ ಗಿಳಿಶಾಸ್ತ್ರದವನು ಚೀಟಿ ಹರಡಿ ಕುಳಿತಿದ್ದ. ಬಳೆಗಾರ ಪಂಜರ ತೆರೆದು ಗಿಳಿಯನ್ನು ಕೈಗೆ ತೆಗೆದುಕೊಂಡ.

“ಇದನ್ನು ನೀನೇ ಇಟ್ಟುಕೋ. ಚೀಟಿಯನ್ನಾದರೂ ಎತ್ತಲಿ. ಮಾತು ಕಲಿಯಲಿಲ್ಲ. ಈಗ ವಾಂತಿ ಬೇರೆ.”

ಅವನು ಹೇಳುತ್ತಿದ್ದಂತೆಯೇ ಗಿಳಿ ಕತ್ತು ಆಡಿಸಿತು. ಅಂಗೈಯಲ್ಲಿ ಕಡಲೆ ಇಟ್ಟಿತು. ಬಳೆಗಾರ ನೀರಿಗಾಗಿ ಆಚೆ ಈಚೆ ನೋಡಿದ. ಶಾಸ್ತ್ರದವನು ಅವನ ಮಣಿಕಟ್ಟು ಹಿಡಿದುಕೊಂಡ.

“ತಾಳು ಮಾರಾಯ, ತೊಳೀಬೇಡ. ಇದು ವಾಂತಿ ಅಲ್ಲ, ತುತ್ತು. ತಾಯಿ ಮರಿಗೆ ಹೀಗೇ ಕೊಡೋದು. ಗಂಡು ತನ್ನ ಹೆಣ್ಣಿಗೂ ಹೀಗೇ ಕೊಡೋದು. ನೀನು ಉಣ್ಣೋದನ್ನ ಇದು ಯಾವತ್ತಾದರೂ ಕಂಡಿದೆಯಾ?”

ಬಳೆಗಾರ ಯೋಚಿಸಿದ. “ಇಲ್ಲ.”

“ಮತ್ತೆ? ಉಪವಾಸ ಇದ್ದೀಯ ಅಂತ ತನ್ನ ಹೊಟ್ಟೆಯದನ್ನ ತೆಗೆದು ಕೊಡ್ತಿದೆ. ನಾನು ಐದು ಗಿಳಿ ಸಾಕಿದೆ ಕಣಪ್ಪ. ಕಂಡವರ ಭಾಗ್ಯವನ್ನೆಲ್ಲ ಎತ್ತಿಕೊಟ್ಟವು. ನನ್ನ ಕೈಗೆ ಒಂದೂ ಒಂದು ಕಾಳು ಇಡಲಿಲ್ಲ. ತಗೊಂಡು ಹೋಗು ಮನೆಗೆ.”

ಬಳೆಗಾರ ಆ ಕೈ ಮುಚ್ಚಿಕೊಂಡ. ಮುಚ್ಚಿಕೊಂಡೇ ಊರಿಗೆ ನಡೆದ.

ಅಂದು ಒಲೆ ಹಚ್ಚಿದ. ಅನ್ನ ಮಾಡಿದ. ಗಿಳಿಯ ಎದುರಿಗೆ ಕುಳಿತು ಉಂಡ. ಗಿಳಿ ತಲೆ ಓರೆ ಮಾಡಿ, ಅವನು ತಟ್ಟೆ ಬರಿದು ಮಾಡುವವರೆಗೂ ನೋಡಿತು. ಆಮೇಲೆ ಪುಕ್ಕ ಉಬ್ಬಿಸಿಕೊಂಡಿತು. ಒಂದು ಕಾಲು ಮೇಲಕ್ಕೆಳೆದುಕೊಂಡಿತು. ಮೇಲುಕೊಕ್ಕಿಗೆ ಕೆಳಕೊಕ್ಕು ತಿಕ್ಕಿಕೊಳ್ಳುತ್ತ ನಿದ್ದೆ ಹೋಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಬಸಲಿಂಗ ಕೇಳಿದ:

“ಗುರುಗಳೇ, ಕೊನೆಗೂ ಆ ಗಿಳಿ ಅವನಿಗೆ ‘ಬಂದ್ರಾ’ ಅಂದಿತೇ?”

ಗುರುಗಳೆಂದರು: “ಎರಡು ಸಂಜೆ ಅಂದಿತ್ತು, ಎರಡು ಸಂಜೆಯೂ ಅವನು ಕೈ ತೊಳೆದುಕೊಂಡಿದ್ದ.”