ಮುಷ್ಟಿ ಎತ್ತಿದ ಆಟಗಾರ

"ಗುರುಗಳೇ, ಹೊತ್ತ ಹೊಣೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಕೂರುವವನು ಹೇಡಿಯಲ್ಲವೇ?"

ಕೇಳಿದವನು ಮರುಳಸಿದ್ದ. ಮಠದ ದಾಸೋಹದ ಅಡುಗೆಮನೆ ಅವನ ಸುಪರ್ದಿನಲ್ಲಿತ್ತು. ಹಾಸ್ಟೆಲಿನ ಹುಡುಗರು, ಬಂದುಹೋಗುವ ಭಕ್ತರು ಸೇರಿ ಎರಡು ಹೊತ್ತೂ ದೊಡ್ಡ ಪಂಕ್ತಿ. ಕೆಲವು ದಿನಗಳಿಂದ ಅವನಿಗೆ ಜ್ವರ. ಮೈ ಕೆಂಡದಂತಿದ್ದರೂ ಒಲೆಯ ಮುಂದಿನಿಂದ ಏಳಲೊಲ್ಲ. ಉಗ್ರಾಣದ ಬೀಗದ ಕೈ ಅಡುಗೆಗೆ ನೆರವಾಗುವ ಗುರುಲಿಂಗನಿಗೆ ಕೊಟ್ಟು ಮಲಗಪ್ಪಾ ಎಂದು ಹೇಳಿ ಹೇಳಿ ಎಲ್ಲರಿಗೂ ಸಾಕಾಗಿತ್ತು. ಆ ಬೀಗದ ಕೈಗಳನ್ನು ಅಂಗೈಯಲ್ಲಿ ಹಿಡಿದುಕೊಂಡೇ ಅವನು ಗುರುಗಳ ಮುಂದೆ ಬಂದು ಕೂತಿದ್ದ.

ಗುರುಗಳು ಅವನ ಹಣೆ ಮುಟ್ಟಿ ನೋಡಿದರು. "ಇದರ ಮೇಲೆ ರೊಟ್ಟಿ ಸುಡಬಹುದು," ಎಂದರು. "ಒಂದು ಕತೆ ಹೇಳುತ್ತೇನೆ, ಕೇಳು. ಬ್ಯಾಸ್ಕೆಟ್‌ಬಾಲ್ ಆಟಗಾರನದು. ಕಾವಿಯವನಿಗೂ ಚೆಂಡಿಗೂ ಎಲ್ಲಿಯ ನಂಟು ಅಂತ ಹುಬ್ಬೇರಿಸಬೇಡ. ನಮ್ಮ ಶಾಲೆಯ ಬಯಲಿನಲ್ಲಿ ಆ ಎರಡು ಕಂಬ ನಿಲ್ಲಿಸಿದವನು ನಾನೇ."

ಹೀಗೆಂದು ಗುರುಗಳು ಕತೆ ಶುರುಮಾಡಿದರು.

ಒಬ್ಬ ಆಟಗಾರನಿದ್ದ. ಚಿಕ್ಕಂದಿನಲ್ಲಿ ಅವನು ಆಡಿದ್ದೆಲ್ಲ ಬೀದಿಯ ಕ್ರಿಕೆಟ್. ಆ ಬೀದಿಯ ನ್ಯಾಯ ನಿನಗೂ ಗೊತ್ತು. ನೀರು ಕುಡಿದು ಬರುತ್ತೇನೆಂದು ಬ್ಯಾಟು ಕೆಳಗಿಟ್ಟವನಿಗೆ ಆವತ್ತು ಮತ್ತೆ ಬ್ಯಾಟು ಸಿಕ್ಕೀತೇ? ಒಮ್ಮೆ ತಾಯಿ ಕೂಗಿದಳೆಂದು ಅವನು ಮನೆಗೆ ಹೋಗಿ ಬಂದ. ಅಷ್ಟರಲ್ಲಿ ಬ್ಯಾಟು ಇನ್ನೊಬ್ಬನ ಕೈಯಲ್ಲಿತ್ತು. ಸಂಜೆಯವರೆಗೆ ಇವನಿಗೆ ಚರಂಡಿಗೆ ಬಿದ್ದ ಚೆಂಡು ಎತ್ತಿಕೊಡುವ ಕೆಲಸ. ಬಿಟ್ಟರೆ ಹೋಯಿತು ಎಂಬುದು ಆವತ್ತೇ ಅವನ ತಲೆಯಲ್ಲಿ ಕೂತುಬಿಟ್ಟಿತು.

ಆಮೇಲೆ ಅವನು ತೆಂಗಿನ ಮರದ ಹಾಗೆ ಬೆಳೆದ. ಶಾಲೆಯ ವ್ಯಾಯಾಮ ಮೇಷ್ಟ್ರು ಅವನ ಎತ್ತರ ನೋಡಿ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಎಳೆದುಕೊಂಡು ಹೋದರು. ಚೆಂಡು ಅವನ ಕೈಗೆ ಒಗ್ಗಿತು. ಜಿಲ್ಲೆಗೆ ಆಡಿದ, ರಾಜ್ಯಕ್ಕೆ ಆಡಿದ. ಕೊನೆಗೆ ಒಂದು ದೊಡ್ಡ ಕ್ಲಬ್ಬು ಸಂಬಳ ಕೊಟ್ಟು ಕರೆದುಕೊಂಡಿತು. ಆಟವೇ ಅವನ ಹೊಟ್ಟೆಪಾಡಾಯಿತು.

ಕ್ಲಬ್ಬಿನ ಕೋಚು ಹಳೆಯ ಹುಲಿ. ಮೊದಲ ದಿನವೇ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ: "ಇಲ್ಲಿ ಒಂದು ಪದ್ಧತಿ ಇದೆ. ಆಡುತ್ತ ಆಡುತ್ತ ದಣಿವಾದರೆ ಮುಷ್ಟಿ ಎತ್ತಿ ತೋರಿಸಿ, ಬದಲಿಯವನನ್ನು ಕಳಿಸುತ್ತೇನೆ. ತಾನಾಗಿ ಮುಷ್ಟಿ ಎತ್ತಿ ಬಂದವನು ತನಗೆ ಬೇಕಾದಾಗ ಒಳಕ್ಕೆ ಹೋಗಬಹುದು. ನನ್ನನ್ನು ಕೇಳಬೇಕಾಗಿಲ್ಲ. ನಾನು ಎಳೆದು ಕೂರಿಸಿದವನು ಮಾತ್ರ ನಾನು ಹೇಳುವ ತನಕ ಕೂತಿರಬೇಕು."

ಈ ಆಟದ ನಿಯಮವೂ ಹಾಗೇ ಇದೆ, ಮರುಳಸಿದ್ದ. ಅಂಕಣದಲ್ಲಿ ಐವರು, ಉಳಿದವರು ಬೆಂಚಿನ ಮೇಲೆ. ಹೊರಬಂದವನು ಅದೇ ಆಟದಲ್ಲಿ ಮತ್ತೆ ಒಳಕ್ಕೆ ಹೋಗಬಹುದು, ಎಷ್ಟು ಸಲ ಬೇಕಾದರೂ. ಉಳಿದವರೆಲ್ಲ ಇದನ್ನು ಕೇಳಿ ತಲೆಯಾಡಿಸಿದರು. ನಮ್ಮವನೂ ತಲೆಯಾಡಿಸಿದ. ಒಳಗೊಳಗೇ ಮಾತ್ರ ನಕ್ಕ. ಮುಷ್ಟಿ ಎತ್ತುವುದಂತೆ, ಬ್ಯಾಟು ಕೆಳಗಿಡುವುದಂತೆ, ನಾನೇನು ದಡ್ಡನೇ ಅಂದುಕೊಂಡ.

ಅವನ ಜೊತೆಯಲ್ಲೇ ತಂಡ ಸೇರಿದ ಇನ್ನೊಬ್ಬನಿದ್ದ. ಅದೇ ಎತ್ತರ, ಅದೇ ಜಾಗದ ಆಟ. ಆದರೆ ನಮ್ಮವನು ಅಂಕಣ ಬಿಟ್ಟು ಬರಬೇಕಲ್ಲ! ಬರುತ್ತಿರಲಿಲ್ಲ. ಹಾಗಾಗಿ ಆ ಇನ್ನೊಬ್ಬ ಬೆಂಚಿನ ಮೇಲೆ ಕೂತು ಕೂತು ಪ್ಯಾಂಟು ಸವೆಸಿದ. ಪಾಪ, ಒಂದು ದಿನವೂ ಮುಖ ಊದಿಸಿಕೊಂಡವನಲ್ಲ.

ವರ್ಷಗಳು ಕಳೆದವು. ನಮ್ಮವನ ಹೆಸರು ದೊಡ್ಡದಾಯಿತು, ಮೊಣಕಾಲು ಸಣ್ಣಗೆ ನೋಯತೊಡಗಿತು. ಉಸಿರು ಬೇಗ ಬೇಗ ಬಾಯಿಗೆ ಬರುತ್ತಿತ್ತು. ಆಗ ಅವನು ಉಪಾಯಗಳನ್ನು ಕಲಿತ. ಉಸಿರು ಕಟ್ಟಿದಾಗಲೆಲ್ಲ ಬಗ್ಗಿ ಬೂಟಿನ ಲೇಸು ಬಿಚ್ಚಿ ಕಟ್ಟುವುದು. ನೆಲದ ಮೇಲೆ ಬೆವರು ಬಿದ್ದಿದೆ, ಒರೆಸಿ ಎಂದು ಅಂಪೈರಿಗೆ ಬೆರಳು ತೋರಿಸುವುದು. ಅವರು ಒರೆಸುವಷ್ಟರಲ್ಲಿ ಇವನಿಗೆ ನಾಲ್ಕು ಉಸಿರು ಸಿಗುತ್ತಿದ್ದವು. ಅಷ್ಟು ಸಲ ಬಿಚ್ಚಿಹೋಗುವ ಲೇಸನ್ನು ಆ ದೇಶದಲ್ಲೇ ಯಾರೂ ಕಂಡಿರಲಿಲ್ಲ!

ಕೋಚಿಗೆ ಇದು ಕಾಣದೇ? ಒಂದೆರಡು ಸಲ ಅವನೇ ಎಳೆದು ಕೂರಿಸಿ ನೋಡಿದ. ನಮ್ಮವನು ಕೂತರೆ ತಾನೇ! ಗೆರೆಯ ಪಕ್ಕದಲ್ಲೇ ನಿಂತು ಹಲ್ಲು ಕಡಿದ, ಟವೆಲ್ಲು ಬೀಸಿ ಒಗೆದ, ಒಳಗೆ ಆಡುತ್ತಿದ್ದವನಿಗೆ ಹೊರಗಿನಿಂದಲೇ ಗದರಿದ. ಇದ್ದ ಆಟವೂ ಕೆಟ್ಟಿತು. ಹಾಳಾಗಿ ಹೋಗಲಿ ಎಂದು ಕೋಚು ಕೈಬಿಟ್ಟ.

ನಮ್ಮವನ ಸಿಟ್ಟಿನ ಒಳಗೆ ಇದ್ದದ್ದು ಭಯ. ನಾನಿಲ್ಲದೆ ಆಟ ನಡೆದುಬಿಟ್ಟರೆ? ಅದನ್ನು ಎಲ್ಲರೂ ನೋಡಿಬಿಟ್ಟರೆ? ಆ ವರ್ಷವೇ ಕ್ಲಬ್ಬಿನ ಜೊತೆ ಅವನ ಕರಾರು ಮುಗಿಯುವುದರಲ್ಲಿತ್ತು. ಇನ್ನೊಬ್ಬನಿಗೆ ಜಾಗ ಕೊಟ್ಟ ದಿನವೇ ತನ್ನ ಕತೆ ಮುಗಿಯಿತೆಂದು ಅವನು ನಂಬಿದ್ದ. ಹಾಸಿಗೆಯಲ್ಲಿ ಕೂಡ ಮುಷ್ಟಿ ಬಿಗಿದುಕೊಂಡೇ ಮಲಗುತ್ತಿದ್ದನಂತೆ. ಅದನ್ನು ಎತ್ತಲು ಮಾತ್ರ ಅವನಿಂದ ಆಗಲಿಲ್ಲ.

ಲೀಗಿನ ಕೊನೆಯ ಪಂದ್ಯ ಬಂತು. ಗೆದ್ದವರಿಗೆ ಕಪ್ಪು. ಕೊನೆಯ ಕ್ವಾರ್ಟರಿನ ಹೊತ್ತಿಗೆ ಎರಡೂ ತಂಡ ಸಮಸಮ. ನಮ್ಮವನ ಜೀವ ಆಗಲೇ ಅರ್ಧ ಆಗಿತ್ತು. ಎಸೆದ ಚೆಂಡು ಬುಟ್ಟಿಯ ಬಳಿಗೂ ಹೋಗಲಿಲ್ಲ. ಜೊತೆಗಾರನಿಗೆ ಕೊಡಬೇಕಾದ ಚೆಂಡು ಎದುರಾಳಿಯ ಕೈಗೆ ಹೋಯಿತು. ಅವನು ಕಾಯಬೇಕಾಗಿದ್ದ ಎದುರಾಳಿ ಕಣ್ಣೆದುರೇ ಸರಿದುಹೋಗಿ ಬುಟ್ಟಿ ಹಾಕಿ ಬಂದ. ಮರುಕ್ಷಣವೇ ಅಂಪೈರು ಇನ್ನಾರದೋ ಫೌಲಿಗೆ ಸೀಟಿ ಊದಿದ. ಆಟ ನಿಂತಿತು. ಸದ್ಯ ಬದುಕಿದೆ ಎಂದು ನಮ್ಮವನು ಬಗ್ಗಿ ಲೇಸಿಗೆ ಕೈ ಹಾಕಿದ.

ಬಗ್ಗಿದವನಿಗೆ ಏಳಲು ಆಗಲಿಲ್ಲ.

ಆ ಎದುರಾಳಿಯೇ ಬಂದು ಕೈ ಚಾಚಿದ. ಸಣ್ಣಗೆ ನಗುತ್ತ, "ಅಣ್ಣಾ, ಲೇಸು ಕಟ್ಟಿಯೇ ಇದೆಯಲ್ಲ," ಎಂದ.

ನಮ್ಮವನು ತಲೆ ಎತ್ತಿ ನೋಡಿದ. ಎದುರಾಳಿಗೆ ಗೊತ್ತು. ಅಂಪೈರಿಗೂ ಗೊತ್ತು, ಮುಗುಳ್ನಗುತ್ತಿದ್ದಾನೆ. ಸೀಟಿನಲ್ಲಿ ಕೂತ ಜನಕ್ಕೂ ಗೊತ್ತಿರಬೇಕು. ಹಾಗಾದರೆ ಇಷ್ಟು ವರ್ಷ ನಾನು ಯಾರ ಕಣ್ಣಿಗೆ ಮಣ್ಣೆರಚುತ್ತಿದ್ದೆ? ಅವನಿಗೆ ತನ್ನ ಮೇಲೇ ನಗು ಬಂತು. ನಗುತ್ತ ನಗುತ್ತ ಎದುರಾಳಿಯ ಕೈ ಹಿಡಿದು ಎದ್ದ. ಆಮೇಲೆ ಬೆಂಚಿನ ಕಡೆ ತಿರುಗಿ ಮುಷ್ಟಿ ಎತ್ತಿದ.

ಕೋಚು ಒಂದು ಗಳಿಗೆ ನಂಬಲಿಲ್ಲ. ಆಮೇಲೆ ಅಷ್ಟು ವರ್ಷ ಬೆಂಚಿನ ಮೇಲೆ ಕಾದಿದ್ದ ಆ ಬದಲಿಯವನ ಬೆನ್ನು ತಟ್ಟಿದ. ಬೆಂಚಿನವರೆಲ್ಲ ಎದ್ದು ನಿಂತು ಅಂಗೈ ಮುಂದೆ ಚಾಚಿದರು. ಹೊರಬರುವವನ ಅಂಗೈ ತಟ್ಟುವುದು ಅಲ್ಲಿಯ ವಾಡಿಕೆ. ಕೋಚು ಎಳೆದು ಕೂರಿಸಿದಾಗ ತಲೆ ತಗ್ಗಿಸಿಕೊಂಡು ಅವರನ್ನು ದಾಟಿಹೋಗಿದ್ದವನು ಆವತ್ತು ಒಬ್ಬೊಬ್ಬರ ಅಂಗೈಯನ್ನೂ ಮುಟ್ಟಿಕೊಂಡು ಬಂದ. ಬಂದು ಕೂತ. ಸರಿಯಾಗಿ, ಬೆನ್ನು ಒರಗಿಸಿ, ಕಾಲು ಚಾಚಿ ಕೂತ. ಅಬ್ಬಾ! ಯಾರೋ ಕೊಟ್ಟ ನೀರನ್ನು ಗಟಗಟನೆ ಕುಡಿದ. ಅಂಥ ನೀರನ್ನು ಜನ್ಮದಲ್ಲೇ ಕುಡಿದಿರಲಿಲ್ಲವೆಂದು ಎಷ್ಟೋ ವರ್ಷಗಳ ಮೇಲೂ ಹೇಳುತ್ತಿದ್ದ.

ಈಗ ಆಕಾಶ ಕಳಚಿ ಬೀಳುತ್ತದೆಂದು ಕಾದ. ಬೀಳಲಿಲ್ಲ. ಬದಲಿಯವನು ಆ ಎದುರಾಳಿಯನ್ನು ತಡೆದ, ಚೆಂಡು ಹಿಡಿದ, ಜೊತೆಗಾರನಿಗೆ ಕೊಟ್ಟ. ಬುಟ್ಟಿ ಬಿತ್ತು. ನಾನಿಲ್ಲದೆಯೂ ನಡೆಯುತ್ತಿದೆ ಎಂದು ನಮ್ಮವನ ಎದೆಯಲ್ಲಿ ಚುರುಕ್ಕೆಂದಿತು. ಇನ್ನೊಂದು ಬುಟ್ಟಿ ಬಿತ್ತು. ನಾನಿಲ್ಲದೆಯೂ ನಡೆಯುತ್ತದೆ, ಸದ್ಯ! ಅದೇ ಮಾತು ಈಗ ಹೆಗಲ ಮೇಲಿನ ಮೂಟೆ ಇಳಿಸಿದ ಹಾಗಿತ್ತು. ಬೆಂಚಿನಿಂದ ಆಟ ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬುದು ಅವನಿಗೆ ಆವತ್ತೇ ತಿಳಿದದ್ದು. ಎದ್ದು ನಿಂತು ಬದಲಿಯವನ ಹೆಸರು ಹಿಡಿದು ಕೂಗಿದ. ಗದರಿದ್ದಲ್ಲ, ಹುರಿದುಂಬಿಸಿದ್ದು.

ಉಸಿರು ನೆಟ್ಟಗಾದ ಮೇಲೆ ಅವನು ಕೋಚಿನ ಹತ್ತಿರ ಬಂದು, "ಹೋಗಲೇ ಸರ್?" ಎಂದ.

"ನನ್ನನ್ನೇಕೆ ಕೇಳುತ್ತೀಯ? ನೀನಾಗಿ ಬಂದವನು, ನೀನಾಗಿ ಹೋಗು. ಮೊದಲ ದಿನವೇ ಹೇಳಿದ್ದೆನಲ್ಲಯ್ಯಾ!"

ಆಗ ಮತ್ತೊಬ್ಬ ದಣಿದ ಜೊತೆಗಾರ ಹೊರಬಂದ, ನಮ್ಮವನು ಒಳಕ್ಕೆ ಹೋದ. ಬದಲಿಯವನೂ ಅಂಕಣದಲ್ಲೇ ಇದ್ದ. ಒಂದೇ ಜಾಗಕ್ಕೆ ಇಬ್ಬರು ಎಂದು ಅಷ್ಟು ವರ್ಷ ಕಾದಾಡಿದವನು ಮೊದಲ ಸಲ ಅವನ ಪಕ್ಕದಲ್ಲಿ ನಿಂತು ಆಡಿದ. ಕೊನೆಯ ಬುಟ್ಟಿಗೆ ಚೆಂಡು ಕೊಟ್ಟವನು ನಮ್ಮವನು, ಹಾಕಿದವನು ಆ ಇನ್ನೊಬ್ಬ. ಕಪ್ಪು ಗೆದ್ದರು. ಕರಾರೂ ಮುಂದುವರಿಯಿತು. ಇನ್ನು ಒಂದು ವರ್ಷವೂ ತಾಳದು ಎಂದಿದ್ದ ಮೊಣಕಾಲು ಎಷ್ಟೋ ವರ್ಷ ತಾಳಿತು. ಪ್ರತಿ ಪಂದ್ಯದಲ್ಲೂ ಅವನು ಮುಷ್ಟಿ ಎತ್ತುತ್ತಿದ್ದ, ಕೂರುತ್ತಿದ್ದ, ನೀರು ಕುಡಿದು ಮತ್ತೆ ಎದ್ದು ಹೋಗುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಮರುಳಸಿದ್ದ ಬೀಗದ ಕೈಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಆಮೇಲೆ, "ಆಟದಲ್ಲಾದರೆ ಸರಿ ಗುರುಗಳೇ, ಅಲ್ಲಿ ಬೆಂಚಿನ ಮೇಲೆ ಇನ್ನೊಬ್ಬನಿರುತ್ತಾನೆ," ಎಂದ.

ಗುರುಗಳು ಅಡುಗೆಮನೆಯ ಕಡೆ ನೋಡಿದರು. ಮರುಳಸಿದ್ದನೂ ನೋಡಿದ. ಅಲ್ಲಿ ಹೊಸ್ತಿಲ ಮೇಲೆ ಗುರುಲಿಂಗ ಕೂತಿದ್ದ. ಸಂಜೆಯ ಸಾರಿನ ತರಕಾರಿಯನ್ನೆಲ್ಲ ಹೆಚ್ಚಿ ಮುಗಿಸಿ, ಬೇಳೆ ಬೇಕೆಂದು ಉಗ್ರಾಣದ ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದ.

ಗುರುಗಳು ಬೀಗದ ಕೈಗಳನ್ನು ಹಿಡಿದಿದ್ದ ಶಿಷ್ಯನ ಕೈಯತ್ತ ತಿರುಗಿ ಹೇಳಿದರು:

"ಮುಷ್ಟಿ ಆಗಲೇ ಬಿಗಿದಿದ್ದೀಯ ಮಗನೇ, ಎತ್ತುವುದೊಂದೇ ಬಾಕಿ."

ಮರುಳಸಿದ್ದ ಎದ್ದು ಹೊಸ್ತಿಲಿನತ್ತ ಮುಷ್ಟಿ ಎತ್ತಿದ, ಆಮೇಲೆ ಬೀಗದ ಕೈಗಳನ್ನು ಗುರುಲಿಂಗನ ಕೈಯಲ್ಲಿಟ್ಟ.