ಗೃಹಮಂತ್ರಿಗಳ ಎಡಗಾಲಿನ ಚಪ್ಪಲಿ

ಗೃಹಮಂತ್ರಿ ಮಲ್ಲೇಶಪ್ಪನವರು ಮನೆಯಲ್ಲಿ ಒಳ್ಳೆಯ ಮನುಷ್ಯ. ಸದನದಲ್ಲಿ ಎದ್ದು ನಿಂತರೆ ಮಾತ್ರ ಬೇರೆಯೇ ಆಸಾಮಿ. ಹೋಮ್‌ಗಾರ್ಡುಗಳಿಗೆ ಸಂಬಳ ತಡವಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ ಎಂದು ವಿರೋಧ ಪಕ್ಷದವರು ಕೇಳಿದರು.

"ಬಂದಿಲ್ಲ."

ಹಾಗಾದರೆ ಕೈಗೊಂಡ ಕ್ರಮವೇನು?

"ಉದ್ಭವಿಸುವುದಿಲ್ಲ" ಎಂದು ಹೇಳಿ ಕೂತೇಬಿಟ್ಟರು.

ಅವರದೇ ಮನೆಯ ಗೇಟು ಕಾಯುವ ಹೋಮ್‌ಗಾರ್ಡ್ ಸಿದ್ಲಿಂಗು ಇದನ್ನು ಟಿವಿಯಲ್ಲಿ ನೋಡಿದ.

ಮರುದಿನ ಬೆಳಿಗ್ಗೆ ಮಂತ್ರಿಗಳು ಹೊರಟರೆ ಬಾಗಿಲಲ್ಲಿ ಬಲಗಾಲಿನ ಚಪ್ಪಲಿ ಮಾತ್ರ ಇತ್ತು.

"ಏನಯ್ಯಾ, ಗೃಹಮಂತ್ರಿ ಮನೇಲೇ ಚಪ್ಪಲಿ ಹೋದ್ರೆ ಜನ ನಗಲ್ವೇನೋ? ಯಾರು ಎತ್ಕೊಂಡು ಹೋದ್ರು, ನಿನ್ನ ಗಮನಕ್ಕೆ ಬಂತಾ?"

"ಬಂದಿಲ್ಲ ಸಾರ್."

"ಮತ್ತೆ ಏನು ಕ್ರಮ ತಗೊಂಡೆ?"

ಸಿದ್ಲಿಂಗು ಸೆಲ್ಯೂಟ್ ಹೊಡೆದ. "ಉದ್ಭವಿಸುವುದಿಲ್ಲ ಸಾರ್."

ಒಳಗಿಂದ ಮಂತ್ರಿಗಳ ಹೆಂಡತಿ ಕಿಸಕ್ಕನೆ ನಕ್ಕರು. ಒಂದೇ ಚಪ್ಪಲಿ ಮೆಟ್ಟಿ ನಿಂತಿದ್ದ ಮಂತ್ರಿಗಳು ಮೊದಲು ಕೆಂಪಾದರು, ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ. ಅಲ್ಲೇ ನಿಂತು ಕಾರ್ಯದರ್ಶಿಗೆ ಫೋನ್ ಮಾಡಿದರು.

"ಹೋಮ್‌ಗಾರ್ಡುಗಳ ಸಂಬಳದ ವಿಷಯ ನನ್ನ ಗಮನಕ್ಕೆ ಬಂದಿದೆ ಕಣ್ರೀ. ಈ ವಾರವೇ ಆಗಬೇಕು."

ಫೋನ್ ಜೇಬಿಗೆ ಹೋಗುತ್ತಲೇ ಸಿದ್ಲಿಂಗು ಕೆಮ್ಮಿದ.

"ಸಾರ್, ಈಗ ನನ್ನ ಗಮನಕ್ಕೂ ಬಂತು. ನಿಮ್ಮ ನಾಯಿಮರಿ ಕಾರಿನ ಕೆಳಗೆ ಮಲಗಿ ಅದನ್ನೇ ಅಗೀತಾ ಇದೆ."