ಅಮಾವಾಸ್ಯೆಯ ಸುತ್ತಿಗೆ

"ಗುರುಗಳೇ, ಅಣುಬಾಂಬು ಮಾಡುವ ವಿದ್ಯೆ, ಯಂತ್ರ, ಹಣ ಎಲ್ಲ ಕೈಯಲ್ಲಿದ್ದೂ ತಾವು ಮಾಡುವುದಿಲ್ಲ ಎನ್ನುವ ದೇಶಗಳಿವೆಯಲ್ಲ, ಅವುಗಳ ಮಾತನ್ನು ನಂಬಬಹುದೇ?" ಎಂದು ಶಿಷ್ಯ ಹಾಲಯ್ಯ ಕೇಳಿದ. ತಾನು ನಂಬಿಲ್ಲವೆಂಬುದು ಅವನ ಧಾಟಿಯಲ್ಲೇ ಗೊತ್ತಾಗುತ್ತಿತ್ತು. ಗುರುಗಳು ಕತೆ ಹೇಳಿದರು.

ಒಬ್ಬ ಪಾಳೆಯಗಾರನಿದ್ದ. ಹೊಳೆದಂಡೆಯ ಕಮ್ಮಾರರ ಊರನ್ನು ಯುದ್ಧದಲ್ಲಿ ಗೆದ್ದಿದ್ದ. ಕಮ್ಮಾರರ ಯಜಮಾನ ಕುಲುಮೆಯ ಮುಂದೆ ನಿಂತು, ಇನ್ನು ಕತ್ತಿ ಮಾಡುವುದಿಲ್ಲ ಎಂದು ಆಣೆಯಿಟ್ಟ. ಹಾಗಾದರೆ ಹೊಳೆ ದಾಟಿ ಯಾರೂ ನಿಮ್ಮ ಮೇಲೆ ಬೀಳದಂತೆ ಕಾವಲು ನನ್ನದು ಎಂದು ಪಾಳೆಯಗಾರನೂ ಆಣೆಯಿಟ್ಟ. ಆಣೆಯೇನೋ ಇಟ್ಟ, ನೆಮ್ಮದಿ ಮಾತ್ರ ಬರಲಿಲ್ಲ. ಅವರು ಮಾಡಿದ ನೇಗಿಲ ಗುಳ ಕಂಡರೂ ಅವನಿಗೆ ಕತ್ತಿ ಕಂಡಂತಾಗುತ್ತಿತ್ತು. ಅವರು ಆಯುಧ ಹಿಡಿದರೆ ತನ್ನ ದೊರೆತನ ಅಲ್ಲಿಗೆ ಮುಗಿಯಿತೆಂದು ಅವನಿಗೆ ಗೊತ್ತಿತ್ತು.

ಅಮಾವಾಸ್ಯೆಯಂದು ಕಮ್ಮಾರರು ಕುಲುಮೆ ಹಚ್ಚುವುದಿಲ್ಲ. ಸುತ್ತಿಗೆ, ಇಕ್ಕಳ ತೊಳೆದು ಪೂಜೆ ಮಾಡಿ ಸುಮ್ಮನಿರುತ್ತಾರೆ. ಒಂದು ಅಮಾವಾಸ್ಯೆಯ ಮಧ್ಯಾಹ್ನ ಆ ಊರಿನಿಂದ ಸುತ್ತಿಗೆಯ ಸದ್ದು ಕೇಳಿಸಿತು. ಪಾಳೆಯಗಾರ ಕುದುರೆ ಹತ್ತಿ ಬಂದು ನೋಡಿದರೆ, ಕುಲುಮೆಯ ತುಂಬ ಉದ್ದುದ್ದ ಕಬ್ಬಿಣದ ಪಟ್ಟಿಗಳು.

"ಕತ್ತಿಯಲ್ಲ ಬುದ್ಧಿ, ಬಾಗಿಲಿಗೆ ಅಡ್ಡ ಹಾಕೋಕೆ," ಎಂದ ಯಜಮಾನ. "ಮೊನ್ನೆ ಯಾರೋ ಹೊಳೆ ದಾಟಿ ಬಂದು ಕಣಜ ದೋಚಿದರು. ಕಾವಲಿಗಿದ್ದ ನಿಮ್ಮ ಇಬ್ಬರು ಆಳುಗಳೂ ಓಡಿಹೋದರು. ಹೊಳೆ ಕಾಯೋಕೆ ಇನ್ನಷ್ಟು ಜನ ಕೊಡಿ, ಆಮೇಲೆ ಇವನ್ನು ಕಾಯಿಸಿ ಬಡಿದು ಗುಳ ಮಾಡ್ತೀನಿ."

"ಇದನ್ನು ಕತ್ತಿ ಮಾಡೋಕೆ ಎಷ್ಟು ಹೊತ್ತು ಬೇಕಯ್ಯಾ?"

"ಒಂದು ಸಂಜೆ ಸಾಕು ಬುದ್ಧಿ."

ಯಜಮಾನ ಸುಳ್ಳು ಹೇಳಿದ್ದರೆ ಪಾಳೆಯಗಾರ ನಿದ್ದೆಯನ್ನಾದರೂ ಮಾಡುತ್ತಿದ್ದ. ಅವನು ಜನ ಕಳಿಸಿದ, ಕಳಿಸಲಿಲ್ಲವೆಂದಲ್ಲ. ಆದರೆ ಹೊಳೆಗಲ್ಲ, ಕುಲುಮೆಗೆ. ಹೊಳೆಯ ಬಳಿ ಇದ್ದವರನ್ನೂ ಅಲ್ಲಿಗೇ ಕರೆಸಿದ. ಕಮ್ಮಾರ ಮೊಳೆ ಬಡಿದರೂ ಅವರು ಬಗ್ಗಿ ನೋಡುತ್ತಿದ್ದರು.

ದೋಚುವವರು ಮತ್ತೆ ಬಂದರು. ಕಾಯುವವರೆಲ್ಲ ಹೊಳೆಗೆ ಬೆನ್ನು ಹಾಕಿ ನಿಂತಿದ್ದರು. ಕಣಜ ಹೋಯಿತು. ಯಜಮಾನನ ಹಿರಿಯ ಮಗ ಅಡ್ಡ ಹೋಗಿ ಹೊಸಿಲಲ್ಲೇ ಸತ್ತ. ಆ ಸಂಕಟವನ್ನು ಏನೆಂದು ಹೇಳುವುದು!

ಮಗನ ಮಣ್ಣು ಮುಗಿದ ಮಾರನೆಯ ದಿನ ಪಾಳೆಯಗಾರ ಬಂದಾಗ ಕಮ್ಮಾರರೆಲ್ಲ ಕತ್ತಿ ಹಿಡಿದು ನಿಂತಿದ್ದರು. ಅವನ ಆಳುಗಳು ದೂರ ಸರಿದಿದ್ದರು.

"ಇಟ್ಟ ಆಣೆ ಏನಾಯಿತಯ್ಯಾ?"

"ನಿಮ್ಮದು ಎಲ್ಲಿಗೆ ಹೋಯಿತೋ ಅಲ್ಲಿಗೇ ಹೋಯಿತು ಬುದ್ಧಿ," ಎಂದ ಯಜಮಾನ.

ಪಾಳೆಯಗಾರ ಕುದುರೆ ತಿರುಗಿಸಿದ. ದಾರಿಯುದ್ದಕ್ಕೂ ಆಳುಗಳಿಗೆ ಒಂದೇ ಮಾತು ಹೇಳಿದ: "ನಾನು ಮೊದಲೇ ಅಂದಿರಲಿಲ್ಲವೇ?"

ಗುರುಗಳು ಕತೆ ನಿಲ್ಲಿಸಿದರು. ಹಾಲಯ್ಯ ತೊಡೆ ತಟ್ಟಿದ. "ನೋಡಿದಿರಾ ಗುರುಗಳೇ, ಕಮ್ಮಾರ ಕೊನೆಗೂ ಕತ್ತಿ ಮಾಡಿಯೇಬಿಟ್ಟ!"

"ಹೊಳೆ ದಾಟಿ ಬಂದವರು ಯಾರೆಂದು ಪಾಳೆಯಗಾರನ ಹಾಗೆ ನೀನೂ ಕೇಳಲಿಲ್ಲವಲ್ಲಪ್ಪ," ಎಂದರು ಗುರುಗಳು.